‘ನಿರ್ಬಂಧ’ ಎಂಬ ಮಾತು: ಸಭೆ ಸೇರುವ ಮುನ್ನ ಒಂದು ಕುಟುಂಬ ಕೇಳಿದ ಪ್ರಶ್ನೆಗಳು

ಕಾಸರಗೋಡಿನ ಒಂದು ಕನ್ನಡ ಕ್ರೈಸ್ತ ಕುಟುಂಬ, ತಲೆಮಾರುಗಳಿಂದ ತಮ್ಮದಾಗಿದ್ದ ಸಭೆಯನ್ನು, ಎಂದರೆ ಚರ್ಚನ್ನು, ಬಿಟ್ಟು ಮನೆ ಹತ್ತಿರದ ಪೆಂಟೆಕೋಸ್ಟಲ್ ಸಭೆಗೆ ಸೇರಬೇಕೋ ಬೇಡವೋ ಎಂದು ಹತ್ತು ತಿಂಗಳು ಒದ್ದಾಡಿತು. ಆ ಹತ್ತು ತಿಂಗಳೂ ನಾನು ಅವರ ಜೊತೆ ಕುಳಿತು ಓದಿದ್ದೇನೆ, ವಾದಿಸಿದ್ದೇನೆ, ತಪ್ಪು ಸಲಹೆಯನ್ನೂ ಕೊಟ್ಟಿದ್ದೇನೆ. ಇಂಥದೇ ತೀರ್ಮಾನದ ಮುಂದೆ ನಿಂತಿರುವ ಬೇರೆ ಮನೆಗಳು ಈ ಗಡಿನಾಡಿನಲ್ಲಿ ಇವೆ. ಅವರಿಗೆ ಉಪಯೋಗವಾಗಲಿ ಎಂದು, ಕುಟುಂಬದವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಆ ಸಭೆಯ ಪಾಸ್ಟರಿಗೂ ಕರಡನ್ನು ಓದಿ ಹೇಳಿದ್ದೇನೆ. ಎರಡೂ ಸಭೆಗಳ ಹೆಸರು, ಕಚೇರಿ, ಶಾಲೆ, ಆಸ್ಪತ್ರೆ ಯಾವುದನ್ನೂ ಹೇಳಿಲ್ಲ; ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಾನು ದೇವಶಾಸ್ತ್ರ ಓದಿದವಳಲ್ಲ. ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಮೂವತ್ತು ವರ್ಷ ಸಂಡೆ ಸ್ಕೂಲಿನಲ್ಲಿ ಮಕ್ಕಳಿಗೆ ಸತ್ಯವೇದದ ಪಾಠ ಹೇಳಿದವಳು. ಈ ಮನೆಯ ಹೆಂಡತಿ ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ಪರಿಚಯ ಅಷ್ಟೇ.

ಹಿನ್ನೆಲೆ

ಗಂಡ ಉಡುಪಿ ಕಡೆಯವರು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನೌಕರಿ. ಮೂರು ವರ್ಷದ ಹಿಂದೆ ಕಾಸರಗೋಡಿಗೆ ವರ್ಗವಾಗಿ ಬಂದರು. ಹೆಂಡತಿ ಮಂಜೇಶ್ವರ ಕಡೆಯವಳು, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಒಂಬತ್ತು ವರ್ಷದ ಮಗ, ಮತ್ತು ಗಂಡನ ತಾಯಿ. ಎರಡೂ ಮನೆತನಗಳು ಬಾಸೆಲ್ ಮಿಶನ್ ಮೂಲದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲಿನ ಮಿಶನರಿಗಳ ಕೈಯಲ್ಲಿ ಬೆಳೆದ ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ, ಎಂದರೆ ಸಿಎಸ್‌ಐಯ, ಒಳಗಿವೆ. ಈ ಮನೆಗಳಲ್ಲಿ ಮಾತಾಡುವುದು ತುಳು, ಪ್ರಾರ್ಥಿಸುವುದು ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿ, ಆಸ್ಪತ್ರೆ, ಅಂಗಡಿಯ ಬೋರ್ಡು ಹೆಚ್ಚಾಗಿ ಮಲಯಾಳ. ಹೆಂಡತಿಗೆ ಅದು ಸಲೀಸು. ಗಂಡನಿಗೆ ಅಕ್ಷರ ಬಾರದು. ಕೇಳಿದ್ದನ್ನು ಕನ್ನಡಕ್ಕೆ ಹತ್ತಿರವಿದ್ದಷ್ಟು ಊಹಿಸಿಕೊಳ್ಳುತ್ತಾರೆ. ಈ ಊಹೆಯ ವಿಷಯ ಮುಂದೆ ಬರುತ್ತದೆ.

ಇವರ ಸದಸ್ಯತ್ವ ಮಂಗಳೂರಿನ ಸಭೆಯಲ್ಲೇ ಉಳಿದಿತ್ತು. ದಾರಿ ಐವತ್ತು ಕಿಲೋಮೀಟರ್. ಭಾನುವಾರ ಡ್ಯೂಟಿ ಬಿದ್ದರೆ ಮುಗಿಯಿತು. ಬರಬರುತ್ತಾ ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರಿಗೆ ಮಾತ್ರ ಹೋಗುವಂತಾಯಿತು.

ಮಳೆಗಾಲದ ಒಂದು ರಾತ್ರಿ ಮಗನಿಗೆ ಮೊದಲ ಸಲ ಫಿಟ್ಸ್ ಬಂತು. ತಾಯಿ ನರ್ಸ್ ಆದರೂ ತನ್ನದೇ ಮಗುವಿನ ಕೈಕಾಲು ಸೆಟೆದುಕೊಂಡಾಗ ಮಾತು ಹೊರಡಲಿಲ್ಲವಂತೆ. ಪಕ್ಕದ ಮನೆಯವರು ಆಟೋ ತಂದರು. ಅವರು ಆ ಪೆಂಟೆಕೋಸ್ಟಲ್ ಸಭೆಯವರು. ಅರ್ಧ ಗಂಟೆಯೊಳಗೆ ಇನ್ನೂ ನಾಲ್ವರು ಬಂದು ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನ ತನಕ ಕುಳಿತರು. ಒಂದು ವಾರ ಮನೆಗೆ ಗಂಜಿ, ಚಟ್ನಿ ತಲುಪಿಸಿದರು. ನಮ್ಮ ಸಭೆಯಿಂದ ಯಾರೂ ಬರಲಿಲ್ಲ. ನಾನೂ ಹೋಗಲಿಲ್ಲ. ಸುದ್ದಿ ತಿಳಿದು ಹನ್ನೊಂದು ದಿನ ಕಳೆದ ಮೇಲೆ ಫೋನ್ ಮಾಡಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಬೇರೆ ಸಭೆಗೆ ಹೋದವರ ವಿಷಯದಲ್ಲಿ ‘ಬೋಧನೆಯ ಆಮಿಷಕ್ಕೆ ಬಿದ್ದರು’ ಎಂದು ನಮ್ಮವರು ಸುಲಭವಾಗಿ ಹೇಳಿಬಿಡುತ್ತಾರೆ. ಈ ಕುಟುಂಬವನ್ನು ಕರೆದೊಯ್ದದ್ದು ಬೋಧನೆಯಲ್ಲ. ಕಷ್ಟಕಾಲದಲ್ಲಿ ಬಂದು ಪಕ್ಕದಲ್ಲಿ ಕುಳಿತವರ ಋಣ.

ಸಮಸ್ಯೆ

ನಾಲ್ಕು ತಿಂಗಳು ಶುಕ್ರವಾರದ ಪ್ರಾರ್ಥನೆಗೂ ಭಾನುವಾರದ ಆರಾಧನೆಗೂ ಹೋದ ಮೇಲೆ ಪಾಸ್ಟರ್ ಸದಸ್ಯತ್ವದ ಮಾತೆತ್ತಿದರು. ಕೈಗೆ ಒಂದು ಅರ್ಜಿ ಮತ್ತು ಸಭೆಯ ನಂಬಿಕೆಗಳನ್ನು ಅಚ್ಚು ಹಾಕಿಸಿದ ಮಡಿಕೆ ಹಾಳೆ ಬಂತು. ಎರಡೂ ಮಲಯಾಳದಲ್ಲಿ. ಗಂಡನಿಗೆ ಮನಸ್ಸಿತ್ತು. ಹೆಂಡತಿ ಹಾಳೆಯನ್ನು ಹಿಡಿದುಕೊಂಡು ನನ್ನ ಮನೆಗೆ ಬಂದಳು.

ನಾನು ಹಾಳೆಯನ್ನು ಬಿಡಿಸದೆಯೇ ‘ಬೇಡ’ ಎಂದೆ. ಅದು ನನ್ನ ಮೊದಲ ತಪ್ಪು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೀಚರ್, ಬೇಡ ಎನ್ನುವುದು ಸುಲಭ. ಅವರು ನಂಬುವುದರಲ್ಲಿ ತಪ್ಪೇನು, ನಾವು ನಂಬುವುದು ಏನು, ಅದನ್ನು ಹೇಳಿ” ಎಂದಳು. ಮೂವತ್ತು ವರ್ಷ ಸಂಡೆ ಸ್ಕೂಲ್ ನಡೆಸಿದ ನನಗೆ ಆ ಕ್ಷಣ ನಾಲ್ಕು ವಾಕ್ಯ ಕೂಡಿಸಿ ಹೇಳಲಾಗಲಿಲ್ಲ. ಮಕ್ಕಳನ್ನು ಏಕೆ ದೀಕ್ಷಾಸ್ನಾನಕ್ಕೆ, ಎಂದರೆ ಸಭೆಗೆ ಸೇರಿಸುವ ನೀರಿನ ಸಂಸ್ಕಾರಕ್ಕೆ, ಒಯ್ಯುತ್ತೇವೆ? ಒಯ್ಯುತ್ತೇವೆ, ಅಷ್ಟೇ. ನಮ್ಮ ಅಜ್ಜ ಒಯ್ದರು, ಅಪ್ಪ ಒಯ್ದರು.

ಹಾಗಾಗಿ ಇನ್ನೊಬ್ಬರ ನಂಬಿಕೆಯ ಪರಿಶೀಲನೆ ನಮ್ಮ ನಂಬಿಕೆಯಿಂದಲೇ ಶುರುವಾಯಿತು. ವಾರಕ್ಕೆ ಒಂದು ಸಂಜೆ ಅವರ ಮನೆಯ ಊಟದ ಮೇಜಿನ ಸುತ್ತ ಗಂಡ, ಹೆಂಡತಿ, ನಾನು ಕುಳಿತೆವು. ಮೊದಲ ತಿಂಗಳು ಆ ಮಲಯಾಳದ ಹಾಳೆಯನ್ನು ಮುಟ್ಟಲೇ ಇಲ್ಲ. ನಮ್ಮದೇ ಆರಾಧನೆಯ ಪುಸ್ತಕ ತೆರೆದು ಅಪೊಸ್ತಲರ ವಿಶ್ವಾಸ ಪ್ರಮಾಣವನ್ನೂ ನೈಸೀಯ ವಿಶ್ವಾಸ ಪ್ರಮಾಣವನ್ನೂ, ಎಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಎರಡು ಹಳೆಯ ಪಾಠಗಳನ್ನು, ಸಾಲು ಸಾಲಾಗಿ ಓದಿದೆವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯವರು ಒಂದಾಗಿ ಸಿಎಸ್‌ಐ ಆದಾಗ ಎಲ್ಲರೂ ಒಪ್ಪಿದ ಬುನಾದಿಯಲ್ಲಿ ಈ ಎರಡು ಪ್ರಮಾಣಗಳೂ ಇದ್ದವು. ಬಾಯಿಪಾಠವಾಗಿದ್ದ ಸಾಲುಗಳನ್ನು ಅರ್ಥಕ್ಕಾಗಿ ಓದಿದ್ದು ಅದೇ ಮೊದಲು. ನೈಸೀಯ ಪ್ರಮಾಣದ ಕೊನೆಯ ಭಾಗಕ್ಕೆ ಬಂದಾಗ ಹೆಂಡತಿ ಬೆರಳಿಟ್ಟು ನಿಲ್ಲಿಸಿದಳು. ಪಾಪಕ್ಷಮೆಗಾಗಿ ‘ಒಂದೇ’ ದೀಕ್ಷಾಸ್ನಾನ ಎಂದು ಅಲ್ಲಿದೆ. “ಇಷ್ಟು ವರ್ಷ ಈ ‘ಒಂದೇ’ ನನ್ನ ಕಣ್ಣಿಗೇ ಬಿದ್ದಿರಲಿಲ್ಲ” ಎಂದಳು. ಪೆನ್ಸಿಲಿನಿಂದ ಆ ಪದದ ಕೆಳಗೆ ಗೆರೆ ಎಳೆದಳು.

ಮಾಡಿದ್ದು

ಆಮೇಲೆ ಅವರ ಹಾಳೆ. ಅದಕ್ಕೂ ಮುನ್ನ ಅವರು ಎಲ್ಲಿಂದ ಬಂದವರು ಎಂದು ತಿಳಿದುಕೊಂಡೆವು. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಚಳವಳಿಯನ್ನು 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ನಡೆದ ಕೂಟಗಳಿಂದ ಎಣಿಸುವುದು ವಾಡಿಕೆ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಶನ್‌ನಲ್ಲಿ ಅಂಥದೇ ಉಜ್ಜೀವನ, ಎಂದರೆ ಭಕ್ತಿಯ ಹೊಸ ಹುರುಪು, ಕಂಡಿತ್ತು. ಅದನ್ನು ನಡೆಸುತ್ತಿದ್ದವರು ಪಂಡಿತಾ ರಮಾಬಾಯಿ. ಅವರ ತಂದೆಯ ಊರು ಕಾರ್ಕಳ ಹತ್ತಿರದ ಮಾಳ. ಇದನ್ನು ಕೇಳಿ ಗಂಡನ ಮುಖ ಅರಳಿತು. ನನಗೂ ಒಳ್ಳೆಯದೇ ಆಯಿತು. ‘ಅವರು ಎಲ್ಲಿಂದಲೋ ಬಂದವರು’ ಎಂಬ ಭಾವ ನನ್ನಲ್ಲಿತ್ತು, ಅದು ಕರಗಿತು. ಕೇರಳದಲ್ಲಿ ಈ ಸಭೆಗಳು 1920ರ ದಶಕದಲ್ಲಿ ತಿರುವಿತಾಂಕೂರಿನ ಕಡೆ ಬೇರುಬಿಟ್ಟವು. ಅಲ್ಲಿಂದ ಮಲಬಾರಿಗೆ ವಲಸೆ ಬಂದ ಕ್ರೈಸ್ತರ ಜೊತೆ ನಮ್ಮ ಕಡೆಗೂ ಬಂದವು.

ಇನ್ನೊಂದು ಸಂಗತಿ ಪ್ರಶ್ನೆ ಕೇಳುವುದಕ್ಕೇ ದಾರಿ ತೋರಿಸಿತು. ಈ ಚಳವಳಿ ಹತ್ತು ವರ್ಷ ತುಂಬುವುದರೊಳಗೆ ತ್ರಯೇಕತ್ವದ, ಎಂದರೆ ಒಬ್ಬನೇ ದೇವರಲ್ಲಿ ಮೂವರು ಎಂಬ ನಂಬಿಕೆಯ, ವಿಷಯದಲ್ಲಿ ಒಡೆಯಿತು. ಅಪೊಸ್ತಲರ ಕೃತ್ಯಗಳು 2:38ನ್ನು ಹಿಡಿದು ಕೆಲವರು ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಎಂದರು. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರನ್ನು ಒಪ್ಪಲಿಲ್ಲ. ಮತ್ತಾಯ 28:19ನ್ನು ಹಿಡಿದವರು ತ್ರಯೇಕತ್ವದಲ್ಲಿ ನಿಂತರು. ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟಲ್ ಪಂಗಡ 1916ರಲ್ಲಿ ತನ್ನ ಮೂಲ ನಂಬಿಕೆಗಳನ್ನು ಬರಹಕ್ಕೆ ಇಳಿಸಿದ್ದು ಈ ಒಡಕಿನ ನಡುವೆಯೇ. ಹೊರಗಿನಿಂದ ನೋಡಿದರೆ ಎರಡೂ ಪೆಂಟೆಕೋಸ್ಟಲ್, ಎರಡರಲ್ಲೂ ಅದೇ ಹಾಡು, ಅದೇ ಚಪ್ಪಾಳೆ. ಆದ್ದರಿಂದ ‘ಯಾರ ನಾಮದಲ್ಲಿ ದೀಕ್ಷಾಸ್ನಾನ ಕೊಡುತ್ತೀರಿ?’ ಎಂಬ ಒಂದು ಪ್ರಶ್ನೆ ಅರ್ಧ ಕೆಲಸ ಮಾಡುತ್ತದೆ.

ನಾವು ಪ್ರಶ್ನೆಗಳನ್ನು ಪತ್ರವಾಗಿ ಬರೆದೆವು. ಬಾಯಿಮಾತಿನಲ್ಲಿ ಕೇಳಿದರೆ ಋಣ ಅಡ್ಡ ಬರುತ್ತದೆ ಎಂದು ಹೆಂಡತಿಯೇ ಹೇಳಿದಳು. ಗಂಜಿ ತಂದು ಕೊಟ್ಟವರ ಮುಂದೆ ಕುಳಿತು ‘ನಿಮ್ಮ ಲೆಕ್ಕಪತ್ರ ಯಾರು ನೋಡುತ್ತಾರೆ’ ಎಂದು ಕೇಳಲು ಯಾರಿಗೆ ನಾಲಗೆ ಬರುತ್ತದೆ? ಅವಳು ಮಲಯಾಳದಲ್ಲಿ ಬರೆದಳು. ಕನ್ನಡ ಪ್ರತಿ ನನ್ನ ಬಳಿ ಇದೆ. ದೀಕ್ಷಾಸ್ನಾನದ ನಾಮ, ಅನ್ಯಭಾಷೆ (ಪವಿತ್ರಾತ್ಮನ ಪ್ರೇರಣೆಯಿಂದ ಕಲಿಯದ ಭಾಷೆಯಲ್ಲಿ ಮಾತಾಡುವುದು) ಬಾರದವನಿಗೆ ರಕ್ಷಣೆ ಇದೆಯೇ, ಯಾರಾದರೂ ಪ್ರವಾದನೆ ಹೇಳಿದರೆ ಅದನ್ನು ಪರೀಕ್ಷಿಸುವವರು ಯಾರು, ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನವನ್ನು ಒಪ್ಪುತ್ತೀರಾ, ಔಷಧದ ವಿಷಯದಲ್ಲಿ ಬೋಧನೆ ಏನು, ಆಭರಣ ಹಾಕಬಹುದೇ, ದಶಮಾಂಶ (ಆದಾಯದ ಹತ್ತನೆಯ ಪಾಲು) ಕೊಡಬೇಕೇ, ಆಸ್ತಿ ಯಾರ ಹೆಸರಿನಲ್ಲಿದೆ, ಪಾಸ್ಟರ್ ತಪ್ಪಿದರೆ ತಿದ್ದುವವರು ಯಾರು, ಮುಂದೆ ನಾವು ಬಿಟ್ಟು ಹೋದರೆ ನಮ್ಮ ಮನೆಗೆ ಬರುತ್ತೀರಾ. ಕೊನೆಯ ಪ್ರಶ್ನೆ ಗಂಡನದು.

ಪಾಸ್ಟರ್ ಮೂರು ವಾರ ತೆಗೆದುಕೊಂಡು ಕೈಬರಹದಲ್ಲಿ ನಾಲ್ಕು ಪುಟ ಉತ್ತರ ಕಳಿಸಿದರು. ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ, ಒಂದಕ್ಕೂ ಸಿಟ್ಟಾಗಿರಲಿಲ್ಲ. ತಂದೆ, ಮಗ, ಪವಿತ್ರಾತ್ಮನ ನಾಮದಲ್ಲೇ ದೀಕ್ಷಾಸ್ನಾನ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅನ್ಯಭಾಷೆ ಪವಿತ್ರಾತ್ಮನ ಅಭಿಷೇಕದ ಗುರುತೇ ಹೊರತು ರಕ್ಷಣೆಯ ಷರತ್ತಲ್ಲ. ಹಣದ ವಿಷಯಕ್ಕೆ ಬಂದಾಗ ಅವರು ಲೆಕ್ಕದ ಪುಸ್ತಕವನ್ನೇ ಮನೆಗೆ ತಂದು ತೋರಿಸಿದರು. ಆಸ್ತಿ ಐವರ ಟ್ರಸ್ಟಿನ ಹೆಸರಿನಲ್ಲಿತ್ತು. ಆದರೆ ಸಭೆ ಸ್ವತಂತ್ರವಾದದ್ದು. ಪಾಸ್ಟರನ್ನು ತಿದ್ದುವ ಮೇಲಿನ ವ್ಯವಸ್ಥೆ ಇಲ್ಲ, ‘ಸಭೆಯ ಹಿರಿಯರು ಮತ್ತು ದೇವರ ಭಯ’ ಎಂದು ಬರೆದಿದ್ದರು. ಔಷಧ ತೆಗೆದುಕೊಳ್ಳುವುದು ಪಾಪವಲ್ಲ, ವೈದ್ಯರೂ ದೇವರ ಕೊಡುಗೆ. ಬಿಟ್ಟು ಹೋದರೂ ಮನೆಗೆ ಬರುತ್ತೇವೆ.

ದೀಕ್ಷಾಸ್ನಾನದ ಉತ್ತರ ಓದುವಾಗ ಗಂಡ ಬೆಚ್ಚಿದರು. ಎರಡು ತಿಂಗಳ ಹಿಂದೆ ಹೆಂಡತಿ ನೈಟ್ ಡ್ಯೂಟಿಯಲ್ಲಿದ್ದಾಗ ಪಾಸ್ಟರ್ ಅವರಿಗೆ ಇದೇ ಮಾತನ್ನು ಹೇಳಿದ್ದರು: “ಶಿಶುಸ್ನಾನ ಏಟ್ಟವರ್ಕ್ಕುಂ ನಿರ್ಬಂಧಮಾಣ್.” ಕನ್ನಡದಲ್ಲಿ ನಿರ್ಬಂಧ ಎಂದರೆ ತಡೆ. ಆದ್ದರಿಂದ ಶಿಶುಸ್ನಾನವಾದವರಿಗೆ ಮತ್ತೆ ಕೊಡುವುದಿಲ್ಲ, ಅದಕ್ಕೆ ನಿರ್ಬಂಧವಿದೆ ಎಂದು ಅವರು ತಿಳಿದರು; ಮನೆಗೆ ಬಂದು ಹೆಂಡತಿಗೂ ಹಾಗೆಯೇ ಹೇಳಿದರು; ನೆಮ್ಮದಿಯಿಂದ ಇದ್ದರು. ಮಲಯಾಳದಲ್ಲಿ ನಿರ್ಬಂಧ ಎಂದರೆ ಕಡ್ಡಾಯ. ಶಿಶುವಾಗಿದ್ದಾಗ ಆದವರಿಗೂ ಕಡ್ಡಾಯ. ಮುಳುಗಿ ದೀಕ್ಷಾಸ್ನಾನ ಪಡೆಯದೆ ಸದಸ್ಯತ್ವವಿಲ್ಲ, ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವೂ ಇಲ್ಲ.

ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಪದ ಹೊಳೆಯ ಈ ದಡದಲ್ಲಿ ಒಂದು ಅರ್ಥ, ಆ ದಡದಲ್ಲಿ ಅದರ ತದ್ವಿರುದ್ಧ. ಗಡಿನಾಡಿನಲ್ಲಿ ಬದುಕುವವರು ಸಭೆಯ ನಂಬಿಕೆಯ ಹಾಳೆಯನ್ನು ತಮ್ಮ ಭಾಷೆಯಲ್ಲಿ ಬರೆಸಿಕೊಳ್ಳಲೇಬೇಕು ಎಂದು ನಾನು ಒತ್ತಿ ಹೇಳುವುದು ಇದರಿಂದ. ಆ ಪಾಸ್ಟರ್ ಈಗ ಕನ್ನಡ ಹಾಳೆಯನ್ನೂ ಮಾಡಿಸಿದ್ದಾರೆ. ಕರಡು ತಿದ್ದಿದ್ದು ನಾನೇ.

ಕರಿಮಣಿ

ಆಭರಣದ ಪ್ರಶ್ನೆಗೆ ಉತ್ತರ ಮೃದುವಾಗಿತ್ತು. ಕಡ್ಡಾಯವಿಲ್ಲ, 1 ತಿಮೊಥೆಯ 2:9 ಮತ್ತು 1 ಪೇತ್ರ 3:3ರ ಮಾತಿನಂತೆ ವಿಶ್ವಾಸಿಗಳು ತಾವಾಗಿಯೇ ತೆಗೆಯುತ್ತಾರೆ, ಎಂದಿತ್ತು. ಕೇರಳದ ಪೆಂಟೆಕೋಸ್ಟಲ್ ಸಭೆಗಳಲ್ಲಿ ಆಭರಣ ಹಾಕದಿರುವುದು ಹಳೆಯ ರೂಢಿ. ಚಿನ್ನದ ಮೋಹಕ್ಕೆ ಬಿದ್ದ ಈ ನಾಡಿನಲ್ಲಿ ಅದರ ಹಿಂದಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ.

ಅದನ್ನು ಓದುವಾಗ ಹೆಂಡತಿಯ ಕೈ ತಾನಾಗಿಯೇ ಕೊರಳಿನ ಕರಿಮಣಿಗೆ ಹೋಗಿತ್ತು. ಎರಡು ಎಳೆಯ ಸಾದಾ ಸರ, ಮದುವೆಯ ದಿನ ಕಟ್ಟಿದ್ದು. ಮುಂದಿನ ಸಲ ಪಾಸ್ಟರ್ ಬಂದಾಗ ಅವಳು ಒಂದೇ ಪ್ರಶ್ನೆ ಕೇಳಿದಳು: “ಪಾಸ್ಟರ್, ಕರಿಮಣಿ ತೆಗೆಯದೆ ನೀರಿಗೆ ಇಳಿದ ಒಬ್ಬ ಹೆಂಗಸಾದರೂ ಇದ್ದಾಳೆಯೇ?” ಅವರು ನೆಲ ನೋಡಿಕೊಂಡು ಯೋಚಿಸಿದರು. ಹದಿನಾರು ವರ್ಷದ ಸೇವೆಯನ್ನು ಮನಸ್ಸಿನಲ್ಲೇ ಎಣಿಸಿದರೆಂದು ಕಾಣುತ್ತದೆ. “ಇಲ್ಲ ಸಿಸ್ಟರ್” ಎಂದರು.

ಹಾಳೆಯಲ್ಲಿ ‘ಕಡ್ಡಾಯವಿಲ್ಲ’ ಎಂದಿರುವುದಕ್ಕೂ ಹದಿನಾರು ವರ್ಷದಲ್ಲಿ ಒಬ್ಬಳೂ ಇಲ್ಲದಿರುವುದಕ್ಕೂ ನಡುವೆ ಒಂದು ಸಭೆಯ ನಿಜವಾದ ನಂಬಿಕೆ ಇರುತ್ತದೆ. ನಾನು ಎಷ್ಟು ಪುಸ್ತಕ ಓದಿದ್ದರೂ ಆ ಪ್ರಶ್ನೆ ನನಗೆ ಹೊಳೆಯುತ್ತಿರಲಿಲ್ಲ.

ಎರಡು ಮಾತ್ರೆ

ಈಗ ಹೇಳುವುದು ಬರೆಯಲು ಕಷ್ಟವಾದ ಭಾಗ.

ಶುಕ್ರವಾರದ ಕೂಟದಲ್ಲಿ ಸಾಕ್ಷಿ ಹೇಳುವ ಸಮಯವಿರುತ್ತದೆ. ಹೆಂಡತಿ ತನ್ನ ಡೈರಿಯಲ್ಲಿ ಸ್ವಸ್ಥತೆಯ ಸಾಕ್ಷಿಗಳನ್ನು ಗುರುತು ಹಾಕಿಕೊಂಡಿದ್ದಳು. ನರ್ಸ್ ಆದ್ದರಿಂದ ಬಂದ ಅಭ್ಯಾಸ. ಏಳು ಸಾಕ್ಷಿಗಳಲ್ಲಿ ಐದರಲ್ಲಿ ‘ಔಷಧ ಬಿಟ್ಟೆ, ದೇವರು ಗುಣಪಡಿಸಿದರು’ ಎಂಬ ಮಾತಿತ್ತು. ಆ ಮಾತಿಗೇ ಹೆಚ್ಚು ‘ಹಲ್ಲೆಲೂಯ’ ಬರುತ್ತಿತ್ತು. ಪಾಸ್ಟರ್ ಎಂದೂ ಔಷಧ ಬಿಡಿ ಎಂದು ಬೋಧಿಸಿದವರಲ್ಲ. ಆದರೆ ಆ ಸಾಕ್ಷಿಗಳನ್ನು ತಿದ್ದಿದವರೂ ಅಲ್ಲ. ನಾವು ಇದನ್ನು ಮೇಜಿನ ಮುಂದೆ ಚರ್ಚಿಸಿದೆವು. ‘ಬರಹದಲ್ಲಿ ಸ್ಪಷ್ಟವಾಗಿದೆಯಲ್ಲ’ ಎಂದು ನಾನೇ ಮುಂದಕ್ಕೆ ಸಾಗಿಸಿದೆ. ಇದು ನನ್ನ ಎರಡನೆಯ ತಪ್ಪು.

ಸಭೆಯಲ್ಲಿ ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಮಗನಿಗೆ ದಿನಕ್ಕೆ ಎರಡು ಹೊತ್ತು ಮಾತ್ರೆ. ತಾಯಿಗೆ ನೈಟ್ ಡ್ಯೂಟಿ ಇದ್ದರೆ ರಾತ್ರಿಯದನ್ನು ಅಜ್ಜಿ ಕೊಡುವುದು. ಗುರುವಾರ ಬೆಳಗ್ಗೆ ತರಗತಿಯಲ್ಲೇ ಹುಡುಗನಿಗೆ ಫಿಟ್ಸ್ ಬಂತು. ಯಾರೋ ಕೈಗೆ ಬೀಗದ ಕೈ ತುರುಕಿದ್ದರು. ನಿಂತು ಮತ್ತೆ ಶುರುವಾಯಿತು. ಆಸ್ಪತ್ರೆ ಮುಟ್ಟುವ ತನಕ ಪೂರ್ತಿ ಎಚ್ಚರವಾಗಲಿಲ್ಲ. “ಡೋಸ್ ತಪ್ಪಿದೆಯೇ?” ಎಂದು ಡಾಕ್ಟರ್ ಕೇಳಿದರು. ತಾಯಿ ಖಂಡಿತವಾಗಿ ಇಲ್ಲ ಎಂದಳು. ಫಿಟ್ಸಿನ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ಜೀವಕ್ಕೇ ಅಪಾಯವಾಗಬಹುದು ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ.

ಅವಳು ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಹಾಳೆಯ ಮೇಲೆ ಪ್ರತಿ ಗುಳಿಗೂ ಮಾರ್ಕರಿನಲ್ಲಿ ದಿನ ಬರೆದಿಡುತ್ತಿದ್ದಳು. ಮನೆಗೆ ಬಂದು ಸ್ಟ್ರಿಪ್ ತೆಗೆದು ನೋಡಿದಾಗ ಮಂಗಳವಾರ ರಾತ್ರಿಯದು ಮತ್ತು ಬುಧವಾರ ರಾತ್ರಿಯದು ಒಡೆಯದೆ ಹಾಗೆಯೇ ಇದ್ದವು.

ಅಜ್ಜಿ ಬಚ್ಚಿಡಲಿಲ್ಲ. “ನಾನು ಹರಕೆ ಹೊತ್ತಿದ್ದೆ” ಎಂದರು. ಮೂರು ರಾತ್ರಿ ಮಾತ್ರೆ ಇಲ್ಲದೆ ದೇವರ ಮೇಲೆ ಭಾರ ಹಾಕಿದರೆ ಮೊಮ್ಮಗ ಗುಣವಾಗುತ್ತಾನೆ, ಆಮೇಲೆ ತಾನೂ ಶುಕ್ರವಾರ ಎದ್ದು ನಿಂತು ಸಾಕ್ಷಿ ಹೇಳುತ್ತೇನೆ ಎಂದು.

ಹರಕೆ ಎಂಬ ಮಾತು ಆ ಸಭೆಯ ಹಾಳೆಯಲ್ಲಿಲ್ಲ. ನಮ್ಮ ವಿಶ್ವಾಸ ಪ್ರಮಾಣದಲ್ಲೂ ಇಲ್ಲ. ಅದು ಈ ಮಣ್ಣಿನಲ್ಲಿ ಎರಡು ಸಭೆಗಳಿಗಿಂತ ಹಳೆಯದು. ತಲೆಮಾರುಗಳಾಚೆಯಿಂದ ಬಂದ ಆ ಮಾತು, ಶುಕ್ರವಾರದ ಐದು ಸಾಕ್ಷಿಗಳು, ಮೊಮ್ಮಗನ ಮೇಲಿನ ಜೀವ, ಇಷ್ಟೂ ಸೇರಿ ಆ ಮುದುಕಿಯ ಮನಸ್ಸಿನಲ್ಲಿ ಒಂದು ನಂಬಿಕೆಯಾಗಿತ್ತು. ನಮಗೆ ಅದು ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ? ನಾಲ್ಕು ತಿಂಗಳು ನಾವು ಮೂವರು ಮೇಜಿನ ಸುತ್ತ ಕುಳಿತು ಒಂದು ಪಂಗಡದ ನಂಬಿಕೆಗಳನ್ನು ತೂಗುತ್ತಿದ್ದಾಗ ಅವರು ಅಡುಗೆಮನೆಯಲ್ಲಿ ನಮಗೆ ಚಹಾ ಮಾಡುತ್ತಿದ್ದರು. ಒಂದು ಸಂಜೆಯೂ ‘ಅಮ್ಮ, ನೀವೂ ಬನ್ನಿ, ನಿಮಗೆ ಏನನ್ನಿಸುತ್ತದೆ’ ಎಂದು ನಾನು ಕರೆಯಲಿಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಆ ಸಭೆಗೆ ಹೋಗಿ ಬಂದವರು ಅವರೇ.

ಆದದ್ದು

ಪಾಸ್ಟರ್ ಅಂದೇ ಸಂಜೆ ಆಸ್ಪತ್ರೆಗೆ ಬಂದರು. ಅಜ್ಜಿಯ ಪಕ್ಕ ಕುಳಿತು ಅತ್ತರು. ಮುಂದಿನ ಭಾನುವಾರ ಬೋಧನೆಯ ನಡುವೆ ಮಲಯಾಳದಲ್ಲಿಯೂ ತಮಗೆ ಬಂದಷ್ಟು ಕನ್ನಡದಲ್ಲಿಯೂ ಹೇಳಿದರು: ಡಾಕ್ಟರು ಹೇಳದೆ ಯಾರೂ ಔಷಧ ನಿಲ್ಲಿಸಬಾರದು, ಔಷಧ ಬಿಟ್ಟದ್ದನ್ನು ಹೊಗಳುವ ಸಾಕ್ಷಿ ಇನ್ನು ಈ ಸಭೆಯಲ್ಲಿ ಬೇಡ, ಪೌಲನ ಜೊತೆಗಿದ್ದ ಲೂಕನು ವೈದ್ಯನಾಗಿದ್ದನು. ಹಾಳೆಯಲ್ಲೂ ಅದನ್ನು ಸೇರಿಸಿದರು.

ಈ ಘಟನೆಯನ್ನು ಗಂಡ ಹೆಂಡತಿ ಒಂದೇ ರೀತಿ ಓದಲಿಲ್ಲ. ಎಲ್ಲರೆದುರು ತನ್ನ ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ಪಾಸ್ಟರ್ ಎಲ್ಲಿ ಸಿಗುತ್ತಾನೆ ಎಂದು ಗಂಡನ ಒಲವು ಇನ್ನೂ ಗಟ್ಟಿಯಾಯಿತು. ಹೆಂಡತಿ ಬೇರೆ ಕಡೆಯಿಂದ ನೋಡಿದಳು: ಇವರು ಒಳ್ಳೆಯವರು, ನಿಜ, ಇವರಾದ ಮೇಲೆ ಬರುವವರನ್ನು ತಿದ್ದಲು ಅಲ್ಲಿ ಯಾರಿದ್ದಾರೆ? ನನಗೆ ಅವಳ ಮಾತು ಸರಿ ಎನ್ನಿಸಿತು. ಆದರೆ ಮೇಲಿನವರು ಎಷ್ಟಿದ್ದರೂ ಆಸ್ಪತ್ರೆಗೆ ಒಬ್ಬರೂ ಬಾರದ ನಮ್ಮ ಕಡೆಯ ಅನುಭವವೂ ಅವರಿಬ್ಬರ ಕಣ್ಣೆದುರು ಇತ್ತು. ಆದ್ದರಿಂದ ಬಾಯಿಬಿಡಲಿಲ್ಲ.

ಉಳಿದದ್ದು ದೀಕ್ಷಾಸ್ನಾನ. ಪಾಸ್ಟರ್ ಮಾರ್ಕ 16:16ನ್ನೂ ಫಿಲಿಪ್ಪನು ಇಥಿಯೋಪ್ಯದ ಕಂಚುಕಿಗೆ, ಎಂದರೆ ರಾಣಿಯ ಅಧಿಕಾರಿಗೆ, ದೀಕ್ಷೆ ಕೊಟ್ಟ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯವನ್ನೂ ಹಿಡಿದರು: ಮೊದಲು ನಂಬಿಕೆ, ಆಮೇಲೆ ನೀರು. ನಾವು 16ನೆಯ ಅಧ್ಯಾಯದ ಲುದ್ಯಳನ್ನೂ ಸೆರೆಮನೆಯ ಯಜಮಾನನನ್ನೂ ಹಿಡಿದೆವು: ಮನೆಯವರೆಲ್ಲರಿಗೂ ದೀಕ್ಷೆ ಆಯಿತು. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ದೀಕ್ಷಾಸ್ನಾನವನ್ನು ಸುನ್ನತಿಯ ಜೊತೆ ಹೇಳಿದೆ; ಸುನ್ನತಿ ಎಂಟು ದಿನದ ಕೂಸಿಗೆ ಆಗುತ್ತಿತ್ತು. ಈ ವಾದ ಹೊಸದಲ್ಲ. ನಮ್ಮ ಬಾಸೆಲ್ ಮಿಶನ್ನಿನ ನಾಡಾದ ಸ್ವಿಟ್ಜರ್ಲೆಂಡಿನಲ್ಲೇ, ಜ್ಯೂರಿಕ್ ನಗರದಲ್ಲಿ, 1525ರಲ್ಲಿ ಕೆಲವರು ಮತ್ತೆ ದೀಕ್ಷಾಸ್ನಾನ ಪಡೆದರು. 1527ರಲ್ಲಿ ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪ್ರೊಟೆಸ್ಟಂಟ್ ಸುಧಾರಣೆಯ ಪಕ್ಷದವರು, ಶಿಶುಸ್ನಾನವನ್ನು ಉಳಿಸಿಕೊಂಡ ನಮ್ಮ ಪಕ್ಷದವರು. ಇದನ್ನು ಮೇಜಿನ ಮುಂದೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅಂದಿನಿಂದ ಆ ಸಭೆಯವರ ಬಗ್ಗೆ ಹಗುರವಾಗಿ ಮಾತಾಡುವುದನ್ನು ಬಿಟ್ಟಿದ್ದೇನೆ.

ಹೆಂಡತಿ ಒಂಬತ್ತನೆಯ ತಿಂಗಳಲ್ಲಿ ತೀರ್ಮಾನ ಹೇಳಿದಳು. ಮತ್ತೆ ದೀಕ್ಷಾಸ್ನಾನ ಪಡೆದರೆ ತನ್ನ ತಂದೆತಾಯಿ ಸಭೆಯ ಮುಂದೆ ತನಗಾಗಿ ಕೊಟ್ಟ ಮಾತನ್ನು ಏನೂ ಅಲ್ಲ ಎಂದಂತಾಗುತ್ತದೆ. ಅದನ್ನು ತಾನು ಹೇಳಲಾರೆ. ಪೆನ್ಸಿಲ್ ಗೆರೆ ಎಳೆದ ಆ ‘ಒಂದೇ’ ಎಂಬ ಪದವನ್ನು ಪಾಸ್ಟರಿಗೆ ತೋರಿಸಿದಳು. ಅವರು ಒಪ್ಪಲಿಲ್ಲ, ಆದರೆ ಬೇಸರಿಸಲೂ ಇಲ್ಲ. ಗಂಡ ಒಬ್ಬರೇ ಸೇರಲು ಇಷ್ಟಪಡಲಿಲ್ಲ. ಶುಕ್ರವಾರದ ಪ್ರಾರ್ಥನೆಗೆ ಈಗಲೂ ಹೋಗುತ್ತಾರೆ. ಸದಸ್ಯತ್ವದ ಅರ್ಜಿ ಕಪಾಟಿನಲ್ಲಿದೆ. ಕೊಟ್ಟ ಮಾತಿನಂತೆ ಆ ಸಭೆಯವರು ಮನೆಗೆ ಬರುವುದನ್ನು ನಿಲ್ಲಿಸಿಲ್ಲ. ಅಜ್ಜಿ ಮಾತ್ರ ಸೇರಿದರು. ಬಿಳಿ ಸೀರೆ ಉಟ್ಟು ಹೊಳೆಗೆ ಇಳಿದ ದಿನ ದಡದಲ್ಲಿ ಮಗ, ಸೊಸೆ, ಮೊಮ್ಮಗ, ನಾನು ಎಲ್ಲರೂ ನಿಂತಿದ್ದೆವು.

ಇನ್ನೊಮ್ಮೆ ಇಂಥ ಮನೆಗೆ ಹೋಗುವುದಾದರೆ ಮೊದಲ ಸಂಜೆಯೇ ಮನೆಯಲ್ಲಿ ಇರುವವರನ್ನೆಲ್ಲ ಮೇಜಿಗೆ ಕರೆಯುತ್ತೇನೆ, ಒಂಬತ್ತು ವರ್ಷದ ಹುಡುಗನನ್ನೂ. ಹಾಳೆ ಓದುವುದಕ್ಕಿಂತ ಮುಂಚೆ ಶುಕ್ರವಾರದ ಸಾಕ್ಷಿಗಳನ್ನು ಕೇಳಿ ಬರುತ್ತೇನೆ. ಹಾಳೆ ಎಲ್ಲಿ ಮೌನವಾಗಿದೆಯೋ ಅಲ್ಲಿ ಜನ ಸಾಕ್ಷಿಯಿಂದಲೇ ಬೋಧನೆ ಕಟ್ಟಿಕೊಳ್ಳುತ್ತಾರೆ. ‘ನಿಮ್ಮಲ್ಲಿ ಇದು ಕಡ್ಡಾಯವೇ’ ಎಂದು ಕೇಳಿದ ಪ್ರತಿ ಕಡೆಯೂ ‘ಮಾಡದವರು ಯಾರಾದರೂ ಇದ್ದಾರೆಯೇ’ ಎಂದೂ ಕೇಳುತ್ತೇನೆ.

ನಮ್ಮ ಕಡೆಯಿಂದ ಒಂದು ಕೆಲಸ ಆಗಿದೆ. ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಕಾಸರಗೋಡಿನ ಒಂದು ಮನೆಯಲ್ಲಿ ಕನ್ನಡ ಆರಾಧನೆ ನಡೆಯುತ್ತದೆ. ಆರು ಕುಟುಂಬಗಳು ಬರುತ್ತವೆ. ಮೂರು ತಿಂಗಳಿಗೊಮ್ಮೆ ಮಂಗಳೂರಿನಿಂದ ಸಭಾಪಾಲಕರು ಬಂದು ಕರ್ತನ ಭೋಜನ ಕೊಡುತ್ತಾರೆ. ಹುಡುಗನಿಗೆ ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ. ರಾತ್ರಿಯ ಮಾತ್ರೆಯನ್ನು ಕೊಡುವುದು ಈಗಲೂ ಅಜ್ಜಿಯೇ.

ಕಳೆದ ತಿಂಗಳು ಆರಾಧನೆ ಅವರ ಮನೆಯಲ್ಲೇ ಇತ್ತು. ಅಜ್ಜಿ ಈ ಸಲ ಅಡುಗೆಮನೆಗೆ ಹೋಗದೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಎಲ್ಲರೂ ಎದ್ದ ಮೇಲೆ ನನ್ನ ಕೈ ಹಿಡಿದು ಕೇಳಿದರು: “ಟೀಚರ್, ನಾನು ಎರಡು ಸಲ ನೀರು ಮುಟ್ಟಿಸಿಕೊಂಡವಳು. ನಿಮ್ಮ ಸಭಾಪಾಲಕರು ಬಂದಾಗ ಮೊಮ್ಮಗನ ಮನೆಯವರ ಜೊತೆ ನನಗೂ ರೊಟ್ಟಿ ಕೊಡುತ್ತಾರೆಯೇ?”

ಅವರು ಬಂದಾಗ ಕೇಳಿ ಹೇಳುತ್ತೇನೆ ಎಂದಿದ್ದೇನೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಸತ್ಯವೇದದೊಳಗೆ ಇಟ್ಟುಕೊಂಡಿದ್ದೇನೆ.